ನಮ್ಮ ಮಳೆ ನಿಮಗೆ ಬಂದಿದೆಯಾ? ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ, ಇಲಾಖೆಯ ಆಯುಕ್ತರಿಗೆ, ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ (ಡಿಎಸ್‌ಇಆರ್‌ಟಿ) ನಿರ್ದೇಶಕರಿಗೆ,

ನಮಸ್ಕಾರ.

ನಾನು ಕೋಲಾರ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದವಳು. 2025ರ ಮೇ ತಿಂಗಳಲ್ಲಿ ನಿವೃತ್ತಳಾದೆ. ನನ್ನ ಮನೆಯ ಬೀರುವಿನಲ್ಲಿ ಒಂದು ಕವರ್ ಇದೆ. ಅದರಲ್ಲಿ ಹನ್ನೊಂದು ಕಾಗದಗಳಿವೆ. ಕೀನ್ಯಾ ದೇಶದ ಮಕ್ಕಳು ನಮ್ಮ ಶಾಲೆಯ ಮಕ್ಕಳಿಗೆ ಬರೆದ ಕಾಗದಗಳು. ಅವಕ್ಕೆ ಇನ್ನೂ ಉತ್ತರ ಹೋಗಿಲ್ಲ. ಅದಕ್ಕೇ ನಿಮಗೆ ಈ ಪತ್ರ ಬರೆಯುತ್ತಿದ್ದೇನೆ.

ಇದು ಶುರುವಾಗಿದ್ದು 2023ರ ಜೂನ್‌ನಲ್ಲಿ. ನೈರೋಬಿಯಲ್ಲಿ ಕೆಲಸದಲ್ಲಿರುವ ನನ್ನ ಹಳೇ ವಿದ್ಯಾರ್ಥಿಯೊಬ್ಬ ರಜೆಗೆ ಊರಿಗೆ ಬಂದಿದ್ದ. ಶಾಲೆ ನೋಡಲು ಬಂದವನು ಎಂಟನೇ ತರಗತಿಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತ. ಆಮೇಲೆ, "ಮಿಸ್, ಅಲ್ಲಿ ನೈವಾಶಾ ಅಂತ ಒಂದು ಊರಿದೆ. ಅಲ್ಲಿನ ಮಕ್ಕಳೂ ನಮ್ಮ ಥರಾನೇ. ರಾಗಿ ಗಂಜಿ ಕುಡೀತಾರೆ. ಹಲ್ಲು ಕಂದು" ಅಂದ. ಅಲ್ಲಿ ಅವನಿಗೆ ಪರಿಚಯದ ಒಬ್ಬ ಶಿಕ್ಷಕಿ ಇದ್ದರು. ಅವರ ಮೂಲಕ ಎರಡೂ ಶಾಲೆಗಳ ಮಕ್ಕಳು ಕಾಗದ ಬರೆದುಕೊಳ್ಳಲು ಶುರು ಮಾಡಿದರು.

ರಾಗಿಯ ಮಾತು ನನಗೆ ಅರ್ಧ ಗೊತ್ತಿತ್ತು. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಪ್ರದೇಶ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮ ಕಡೆಗೆ ಬಂತು. ಅಲ್ಲಿ ಸ್ವಾಹಿಲಿಯಲ್ಲಿ ಅದಕ್ಕೆ ವಿಂಬಿ ಅನ್ನುತ್ತಾರೆ, ಗಂಜಿಗೆ ಉಜಿ ಅನ್ನುತ್ತಾರೆ. ಹಲ್ಲಿನ ಮಾತು ಮಾತ್ರ ನನಗೆ ಹೊಸದು. ನಮ್ಮಲ್ಲಿ ಗ್ರಾನೈಟ್ ಬಂಡೆಯ ಆಳದಿಂದ ಬರುವ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕೀನ್ಯಾದ ಬಿರುಕು ಕಣಿವೆಯಲ್ಲಿ (ರಿಫ್ಟ್ ವ್ಯಾಲಿ) ಜ್ವಾಲಾಮುಖಿಯ ಕಲ್ಲಿನಿಂದ ಅದೇ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುವುದು ಇಲ್ಲೂ ಮಿತಿ, ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಹೇಳುತ್ತದೆ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಆ ನೀರು ಕುಡಿದರೆ, ಬಾಯಿಗೆ ಬರುವ ಹೊತ್ತಿಗೇ ಹಲ್ಲಿನ ಮೇಲೆ ಕಂದು ಪಟ್ಟೆ ಇರುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ನನ್ನ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ನಕ್ಕರೆ ಅಂಗೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ಗ್ರೂಪ್ ಫೋಟೋದಲ್ಲಿ ತುಟಿ ಬಿಗಿದು ನಿಲ್ಲುತ್ತಿದ್ದಳು. ಅವಳಿಗೆ ಬಂದ ಮೊದಲ ಕಾಗದದಲ್ಲಿ ನೈವಾಶಾದ ಹುಡುಗಿ ಒಂದು ಚಿತ್ರ ಬರೆದಿದ್ದಳು. ನಗುವ ಒಂದು ಬಾಯಿ, ಹಲ್ಲುಗಳಿಗೆ ಕಂದು ಪೆನ್ಸಿಲ್ ಬಣ್ಣ. ಕೆಳಗೆ "ಇದು ನಾನು" ಅಂತ. ನಮ್ಮ ಹುಡುಗಿ ಆ ಕಾಗದವನ್ನು ಮಡಿಚಿ ಕಂಪಾಸ್ ಬಾಕ್ಸ್‌ನಲ್ಲಿ ಇಟ್ಟುಕೊಂಡಳು. ಮಾರನೇ ದಿನ ಉತ್ತರ ಬರೆದು ತಂದಳು. ಎರಡು ಪುಟ. ಅಷ್ಟು ಉದ್ದ ಅವಳು ಅದುವರೆಗೆ ಯಾವತ್ತೂ ಬರೆದಿರಲಿಲ್ಲ.

ಆದರೆ ಅದಕ್ಕೂ ಮುಂಚೆ ಇಲ್ಲಿಂದ ಹೊರಡಬೇಕಿದ್ದ ಕಾಗದಗಳ ಕಥೆಯನ್ನೂ ಹೇಳಬೇಕು. ಮೊದಲ ವಾರ ಮಕ್ಕಳಿಗೆ, "ನಿಮ್ಮ ಊರಿನ ಪರಿಸರದ ಬಗ್ಗೆ ಬರೆಯಿರಿ" ಅಂದೆ. ಇಪ್ಪತ್ತೆಂಟು ಮಕ್ಕಳೂ ಒಂದೇ ಥರ ಬರೆದರು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. "ಪರಿಸರ ಎಂದರೆ ನಮ್ಮ ಸುತ್ತಮುತ್ತಲಿನ ವಾತಾವರಣ." "ಮರ ಗಿಡಗಳನ್ನು ಬೆಳೆಸಬೇಕು." "ಕಾಡಿದ್ದರೆ ನಾಡು." ಆ ಕಾಗದಗಳನ್ನು ನಾನು ಕಳಿಸಲಿಲ್ಲ. ಮಕ್ಕಳ ತಪ್ಪೇನೂ ಇರಲಿಲ್ಲ. ನಾವು ಕಲಿಸಿದ್ದೇ ಅಷ್ಟು. ಪತ್ರ ಲೇಖನ ಅಂತ ಪರೀಕ್ಷೆಯಲ್ಲಿ ಪ್ರಶ್ನೆ ಇದೆ. ಮಗು ತನ್ನನ್ನು ಯಾವುದೋ ಊರಿನ ಯಾರೋ ಒಬ್ಬ ವಿದ್ಯಾರ್ಥಿ ಅಂತ ಭಾವಿಸಿಕೊಳ್ಳಬೇಕು. ಹೆಸರಿನ ಜಾಗದಲ್ಲಿ ಕ.ಖ.ಗ ಅಂತ ಬರೆಯಬೇಕು. ಆ ಪತ್ರ ಯಾರಿಗೂ ಹೋಗುವುದಿಲ್ಲ, ಅದಕ್ಕೆ ಉತ್ತರ ಬರುವುದೂ ಇಲ್ಲ. ನಾನೇ ಅಂಥ ಸಾವಿರಾರು ಪತ್ರಗಳಿಗೆ ಅಂಕ ಹಾಕಿದ್ದೇನೆ.

ಎರಡನೇ ವಾರ ಪ್ರಶ್ನೆ ಬದಲಿಸಿದೆ. "ಇವತ್ತು ಬೆಳಿಗ್ಗೆ ನಿಮ್ಮ ಮನೆಗೆ ನೀರು ಎಲ್ಲಿಂದ ಬಂತು? ಯಾರು ತಂದರು? ಅಷ್ಟೇ ಬರೆಯಿರಿ."

ಬಂದ ಬರಹಗಳೇ ಬೇರೆ. ಒಬ್ಬ ಹುಡುಗ ಶುದ್ಧ ನೀರಿನ ಘಟಕದ ಮುಂದೆ ಐದು ರೂಪಾಯಿ ಕಾಯಿನ್ ಹಿಡಿದು ಸಾಲಿನಲ್ಲಿ ನಿಲ್ಲುವುದನ್ನು ಬರೆದ. ಕ್ಯಾನನ್ನು ಸೈಕಲ್ಲಿಗೆ ಕಟ್ಟುವ ಟ್ಯೂಬ್ ಹರಿದು ಹೋದದ್ದನ್ನೂ ಬರೆದ. ಇನ್ನೊಬ್ಬಳ ಅಪ್ಪ ನಾಲ್ಕು ಬೋರ್ ಕೊರೆಸಿದ್ದರು. ನಾಲ್ಕನೆಯದು ಸಾವಿರದ ಇನ್ನೂರು ಅಡಿ. ಅಲ್ಲಿಂದ ಬಂದದ್ದು ಬರೀ ಬಿಳಿ ಧೂಳು. ಆ ರಾತ್ರಿ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ ಅಂತ ಒಂದೇ ಸಾಲು ಬರೆದು ನಿಲ್ಲಿಸಿದ್ದಳು. ಮತ್ತೊಬ್ಬ ಕೆ.ಸಿ. ವ್ಯಾಲಿ ನೀರಿನ ಬಗ್ಗೆ ಬರೆದ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ 2018ರಿಂದ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ, ನಿಮಗೆ ಗೊತ್ತೇ ಇದೆ. ಬೋರ್‌ವೆಲ್‌ಗೆ ಜೀವ ಬಂತು ಅನ್ನುವವರು ನಮ್ಮ ಊರಿನಲ್ಲಿದ್ದಾರೆ. ಮೂರನೇ ಹಂತವೂ ಶುದ್ಧ ಮಾಡಿ ಕೊಡಿ ಅಂತ ಹೋರಾಡುವವರೂ ಇದ್ದಾರೆ. ಹುಡುಗ ಎರಡನ್ನೂ ಬರೆದಿದ್ದ. ಅದಕ್ಕೆ ಕೀನ್ಯಾದಿಂದ ಬಂದ ಉತ್ತರದಲ್ಲಿ ಒಂದು ಪ್ರಶ್ನೆ ಇತ್ತು. "ನೀವು ಆ ದೊಡ್ಡ ಊರಿಗೆ ಏನು ಕೊಡುತ್ತೀರಿ?" ತರಗತಿ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಹಿಂದಿನ ಬೆಂಚಿನಿಂದ ಯಾರೋ "ಹಾಲು" ಅಂದರು. ಇನ್ನೊಬ್ಬರು "ಟೊಮೆಟೊ" ಅಂದರು. "ನಮ್ಮಣ್ಣ" ಅಂದ ಒಬ್ಬ. ಅವನ ಅಣ್ಣ ವೈಟ್‌ಫೀಲ್ಡ್‌ನಲ್ಲಿ ಸೆಕ್ಯೂರಿಟಿ ಕೆಲಸ ಮಾಡುತ್ತಾನೆ.

ನಾನು ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಹೊರಗಿನ ಒಂದು ಮಗು ನೋಡಿದಾಗಲೇ ಹೊಳೆಯುವಂಥದ್ದು ಅದು.

ಎಲ್ಲ ಮಕ್ಕಳೂ ಕನ್ನಡದಲ್ಲೇ ಬರೆದರು. ಇದನ್ನು ಒತ್ತಿ ಹೇಳುತ್ತಿದ್ದೇನೆ. ನಮ್ಮ ಗಡಿ ಭಾಗದಲ್ಲಿ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಕನ್ನಡವೇ ಅವರಿಗೆ ಎರಡನೇ ಭಾಷೆ, ಇಂಗ್ಲಿಷ್ ಮೂರನೆಯದು. ಇಂಗ್ಲಿಷ್‌ನಲ್ಲಿ ಬರೆಯಿರಿ ಅಂದಿದ್ದರೆ, "ವಾಟರ್ ಈಸ್ ವೆರಿ ಇಂಪಾರ್ಟೆಂಟ್" ಅನ್ನುವಲ್ಲಿಗೆ ಮುಗಿಯುತ್ತಿತ್ತು. ಬರೆದದ್ದನ್ನು ಇಂಗ್ಲಿಷಿಗೆ ತರುವುದು ಆಮೇಲಿನ ಕೆಲಸ. ಶುಕ್ರವಾರದ ಕೊನೇ ಪೀರಿಯಡ್ಡಿನಲ್ಲಿ ನಾನು, ಇಂಗ್ಲಿಷ್ ಮೇಷ್ಟ್ರು, ಮಕ್ಕಳು ಎಲ್ಲ ಸೇರಿ ಕೂತು ಮಾಡುತ್ತಿದ್ದೆವು. ನನ್ನ ಕೆಲಸದ ಜೀವನದಲ್ಲಿ ಅಷ್ಟು ಒಳ್ಳೆಯ ಕನ್ನಡ ಪಾಠ ಬೇರೆ ಯಾವುದೂ ಆಗಲಿಲ್ಲ.

'ಕೋಡಿ' ಅನ್ನುವ ಒಂದು ಪದ ನೋಡಿ. ಹುಡುಗನೊಬ್ಬ "2021ರ ನವೆಂಬರ್‌ನಲ್ಲಿ ನಮ್ಮ ಕೆರೆ ಕೋಡಿ ಹೋಯಿತು" ಅಂತ ಬರೆದಿದ್ದ. ಇಂಗ್ಲಿಷ್‌ನಲ್ಲಿ ಏನು ಹೇಳುವುದು? ಮೇಷ್ಟ್ರು 'ಓವರ್‌ಫ್ಲೋ' ಅಂದರು. ಮಕ್ಕಳು ಒಪ್ಪಲಿಲ್ಲ. ಬಕೆಟ್ ತುಂಬಿ ಹರಿದರೂ ಓವರ್‌ಫ್ಲೋ ಅಲ್ವಾ ಸಾರ್ ಅಂದರು. ಹಾಗಾದರೆ ಕೋಡಿ ಅಂದರೆ ಏನು ಅಂತ ಕೇಳಿದೆ. ಯಾರಿಗೂ ಸರಿಯಾಗಿ ಹೇಳಲು ಬರಲಿಲ್ಲ. ಹೋಗಿ ಕೇಳಿಕೊಂಡು ಬಂದರು. ಕಟ್ಟೆ ಒಡೆಯದ ಹಾಗೆ ಹೆಚ್ಚಿನ ನೀರು ಹೊರಗೆ ಹೋಗಲು ಹಿರಿಯರು ಲೆಕ್ಕ ಹಾಕಿ ಬಿಟ್ಟ ದಾರಿ ಅದು. ಅದರ ನೀರು ಕೆಳಗಿನ ಊರಿನ ಕೆರೆಗೆ ಹೋಗುತ್ತದೆ. ಆ ಕೆರೆಯ ಕೋಡಿ ಅದರ ಕೆಳಗಿನ ಕೆರೆಗೆ. ಒಬ್ಬ ಅಜ್ಜ ಇವರನ್ನು ಕರೆದುಕೊಂಡು ಹೋಗಿ ತೂಬು ತೋರಿಸಿದರು. ನೀರುಗಂಟಿ ಅಂತ ಒಬ್ಬ ಇರುತ್ತಿದ್ದ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಅಂತ ಅವನೇ ನೋಡಿಕೊಳ್ಳುತ್ತಿದ್ದ ಅಂತ ಹೇಳಿದರು. ಕೊನೆಗೆ ಕಾಗದದಲ್ಲಿ 'ಕೋಡಿ' ಅಂತಲೇ ಬರೆದು, ಪಕ್ಕದಲ್ಲಿ ಚಿತ್ರ ಹಾಕಿ, ಆರು ಸಾಲು ವಿವರಣೆ ಕೊಟ್ಟರು. ಒಂದು ಪದ ಅನುವಾದ ಆಗಲಿಲ್ಲ ಅನ್ನುವ ಕಾರಣಕ್ಕೆ ಇಡೀ ತರಗತಿ ತಮ್ಮ ಊರಿನ ಕೆರೆಯನ್ನು ಕಲಿತುಕೊಂಡಿತು.

ಆ ಕಾಗದದಲ್ಲಿ ಹುಡುಗ ಬಾಗಿನದ ಬಗ್ಗೆಯೂ ಬರೆದಿದ್ದ. ಎಷ್ಟೋ ವರ್ಷಗಳ ಮೇಲೆ ಕೆರೆ ತುಂಬಿತ್ತು. ಹೆಂಗಸರು ಮೊರದಲ್ಲಿ ಅರಿಶಿನ ಕುಂಕುಮ ಬಳೆ ಇಟ್ಟು ಗಂಗಮ್ಮನಿಗೆ ಬಾಗಿನ ಕೊಟ್ಟರು. ಅವನ ತಾತ ಕಟ್ಟೆಯ ಮೇಲೆ ಕೂತು ಅತ್ತರು.

ನೈವಾಶಾದಿಂದ ಉತ್ತರ ಬಂತು. "ನಿಮ್ಮಲ್ಲಿ ಕೆರೆ ತುಂಬಿದರೆ ಪೂಜೆ ಮಾಡುತ್ತೀರಿ. ನಮ್ಮಲ್ಲಿ ಸರೋವರ ತುಂಬಿದಾಗ ನಾವು ಹಾಸಿಗೆ ಹೊತ್ತುಕೊಂಡು ಮನೆ ಬಿಟ್ಟೆವು." ಕೀನ್ಯಾದ ಬಿರುಕು ಕಣಿವೆಯ ಸರೋವರಗಳು, ಅಂದರೆ ನೈವಾಶಾ, ನಕುರು, ಬರಿಂಗೋ ಎಲ್ಲವೂ 2010ರ ನಂತರ ಏರುತ್ತಾ ಬಂದಿವೆ. 2020ರಲ್ಲಿ ದಡದ ಸಾವಿರಾರು ಜನ ಮನೆ ಕಳೆದುಕೊಂಡರು. ನಮ್ಮ ಮಕ್ಕಳಿಗೆ ನೀರು ಜಾಸ್ತಿಯಾದರೂ ಅಳಬೇಕಾಗುತ್ತದೆ ಅನ್ನುವುದು ತಿಳಿದದ್ದು ಆವತ್ತು. ನೀರು ಅಂದರೆ ಅವರಿಗೆ ಯಾವಾಗಲೂ ಕಡಿಮೆ ಇರುವ ವಸ್ತು.

ಆಮೇಲೆ 2023ರ ಬರ ಬಂತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ನಮ್ಮ ಹೊಲಗಳಲ್ಲಿ ರಾಗಿ ಮೊಣಕಾಲೆತ್ತರಕ್ಕೇ ಒಣಗಿತು. ಕೀನ್ಯಾದಲ್ಲಿ ಶಾಲೆಯ ವರ್ಷ ಜನವರಿಗೆ ಶುರು. 2024ರ ಜನವರಿಯಲ್ಲಿ ಬಂದ ಕಾಗದಗಳಲ್ಲಿ ಪೂರ್ತಿ ಮಳೆಯದೇ ಮಾತು. ರಜೆ ಪೂರ್ತಿ ಮಳೆ, ರಸ್ತೆ ಕೊಚ್ಚಿ ಹೋಯಿತು, ಜೋಳದ ಹೊಲ ಮುಳುಗಿತು. ಇವನ್ನು ಗಟ್ಟಿಯಾಗಿ ಓದುತ್ತಿದ್ದಾಗ ಮುಂದಿನ ಸಾಲಿನ ಒಬ್ಬ ಹುಡುಗ ಕೇಳಿದ. "ಮಿಸ್, ನಮ್ಮ ಮಳೆ ಅವರಿಗೆ ಹೋಗಿದೆಯಾ?"

ನನಗೆ ಉತ್ತರ ಗೊತ್ತಿರಲಿಲ್ಲ. ವಿಜ್ಞಾನದ ಮೇಷ್ಟ್ರನ್ನು ಕರೆದೆ. ಅವರು ಬೋರ್ಡಿನ ಮೇಲೆ ಶಾಂತ ಸಾಗರ ಬರೆದರು. ಅಲ್ಲಿನ ಮೇಲ್ಮೈ ನೀರು ವಾಡಿಕೆಗಿಂತ ಬಿಸಿಯಾದರೆ ಗಾಳಿಯ ಓಟ ಬದಲಾಗುತ್ತದೆ. ನಮ್ಮ ಮುಂಗಾರು ಸಾಮಾನ್ಯವಾಗಿ ಸೊರಗುತ್ತದೆ. ಪೂರ್ವ ಆಫ್ರಿಕಾದಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮಳೆ ಸಾಮಾನ್ಯವಾಗಿ ಜಾಸ್ತಿಯಾಗುತ್ತದೆ. ಅದಕ್ಕೆ ಎಲ್ ನಿನೋ ಅನ್ನುತ್ತಾರೆ. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬಿಸಿಯಾದರೆ ಅಲ್ಲಿನ ಮಳೆ ಇನ್ನೂ ಹೆಚ್ಚುತ್ತದೆ. 2023ರಲ್ಲಿ ಎರಡೂ ಒಟ್ಟಿಗೆ ಆಗಿದ್ದವು. ಎಲ್ ನಿನೋ ಹೊಸದಲ್ಲ, ಆದರೆ ಬಿಸಿಯಾಗುತ್ತಿರುವ ಭೂಮಿಯಲ್ಲಿ ಬರವೂ ಪ್ರವಾಹವೂ ಮೊದಲಿಗಿಂತ ಜೋರಾಗಿ ಹೊಡೆಯುತ್ತವೆ ಅಂತ ಹೇಳಿದರು. ಆ ಹುಡುಗ ಆವತ್ತೇ ಕಾಗದ ಬರೆದ. ಮೊದಲ ಸಾಲು, "ನಮ್ಮ ಮಳೆ ನಿಮಗೆ ಬಂದಿದೆಯಾ? ಬಂದಿದ್ದರೆ ಸ್ವಲ್ಪ ವಾಪಸ್ ಕಳಿಸಿ." ಕೆಳಗೆ ಬೋರ್ಡಿನ ಮೇಲಿದ್ದ ನಕ್ಷೆ ಅಷ್ಟನ್ನೂ ಬರೆದಿದ್ದ.

2024ರ ಏಪ್ರಿಲ್ 29ರಂದು ನೈವಾಶಾ ಹತ್ತಿರದ ಮಾಯಿ ಮಾಹಿಯು ಅನ್ನುವ ಊರಿಗೆ ಬೆಳಗಿನ ಜಾವ ಪ್ರವಾಹ ನುಗ್ಗಿ ಹತ್ತಾರು ಜನ ಸತ್ತರು. ಇಲ್ಲಿ ಬೇಸಿಗೆ ರಜೆ. ಮಕ್ಕಳು ನನ್ನ ಮನೆಗೇ ಹುಡುಕಿಕೊಂಡು ಬಂದರು. "ಅವರು ಚೆನ್ನಾಗಿದ್ದಾರಾ ಮಿಸ್?" ನೈರೋಬಿಗೆ ಫೋನ್ ಮಾಡಿಸಿ, ಆ ಶಾಲೆಯ ಮಕ್ಕಳೆಲ್ಲ ಕ್ಷೇಮ ಅಂತ ತಿಳಿದ ಮೇಲೆಯೇ ವಾಪಸ್ ಹೋದರು. ಜಗತ್ತು ಬಿಸಿಯಾಗುತ್ತಿದೆ ಅಂತ ಏಳನೇ ತರಗತಿಯಿಂದಲೂ ಪಾಠದಲ್ಲಿ ಓದಿದವರೇ ಇವರು. ಓದಿದ್ದಕ್ಕಾಗಿ ಯಾರ ಮನೆಗೂ ಓಡಿ ಬಂದಿರಲಿಲ್ಲ.

ಇನ್ನೊಂದು ಮಾತು. 'ಸುಸ್ಥಿರ ಅಭಿವೃದ್ಧಿ' ಅನ್ನುವ ಪದವನ್ನು ಒಂದು ವರ್ಷ ನಾನು ತರಗತಿಗೆ ತರಲೇ ಇಲ್ಲ. ತಂದಾಗ ಅರ್ಥ ಏನಿರಬಹುದು ಅಂತ ಅವರನ್ನೇ ಕೇಳಿದೆ. ಒಬ್ಬಳು ಹೇಳಿದಳು, "ಬಿತ್ತನೆಗೆ ಅಂತ ಎತ್ತಿಟ್ಟ ರಾಗಿಯನ್ನು ಬೀಸಬಾರದು, ಅದೇ ಅಲ್ವಾ ಮಿಸ್?" ಅದೇ. 2015ರಲ್ಲಿ ವಿಶ್ವಸಂಸ್ಥೆ ಹದಿನೇಳು ಗುರಿ ಬರೆದು 2030ರ ಗಡುವು ಹಾಕಿತು. ನಾಲ್ಕನೇ ಗುರಿಯ ಏಳನೇ ಅಂಶ ಎಲ್ಲ ವಿದ್ಯಾರ್ಥಿಗಳಿಗೂ ಸುಸ್ಥಿರ ಬದುಕಿನ ಮತ್ತು ಜಾಗತಿಕ ಪೌರತ್ವದ ಕಲಿಕೆ ಸಿಗಬೇಕು ಅನ್ನುತ್ತದೆ. ಎಲ್ಲ ವಿದ್ಯಾರ್ಥಿಗಳಿಗೂ ಅಂದರೆ ನಮ್ಮ ಮಕ್ಕಳಿಗೂ.

ಈಗ ಕಷ್ಟದ ವಿಷಯಕ್ಕೆ ಬರುತ್ತೇನೆ. ಈ ಕೆಲಸಕ್ಕೆ ಅನುಮತಿ ಕೇಳಿಕೊಂಡು ನಾನು ಒಂದು ಕಚೇರಿಗೆ ಮೂರು ಸಲ ಹೋದೆ. "ವಿದೇಶದ ವಿಷಯ ಮೇಡಂ, ಮೇಲಿಂದ ಆದೇಶ ಬರಬೇಕು" ಅಂದರು. ಬೇಡ ಅಂತ ಬರೆದು ಕೊಡಲಿಲ್ಲ, ಮಾಡಿ ಅಂತಲೂ ಬರೆದು ಕೊಡಲಿಲ್ಲ. ಮುಖ್ಯ ಶಿಕ್ಷಕರು ಒಳ್ಳೆಯವರು, ನನ್ನ ಧೈರ್ಯದ ಮೇಲೆ ನಡೆಯಲಿ ಅಂತ ಬಿಟ್ಟರು. ಹಾಗಾಗಿ ನಾನು ನಿವೃತ್ತಳಾದ ದಿನವೇ ಅದೂ ನಿಂತಿತು. ನನ್ನ ಜಾಗಕ್ಕೆ ಬಂದವರಿಗೆ ಮುಂದುವರಿಸುವ ಆಸೆ ಇದೆ. ಆದರೆ ನಾಳೆ ಯಾರಾದರೂ ಪ್ರಶ್ನೆ ಕೇಳಿದರೆ ತೋರಿಸಲು ಒಂದು ಕಾಗದ ಇಲ್ಲ. ಅವರ ಭಯ ನನಗೆ ಅರ್ಥವಾಗುತ್ತದೆ.

ಬೆಂಗಳೂರಿನ ಎಷ್ಟೋ ದೊಡ್ಡ ಖಾಸಗಿ ಶಾಲೆಗಳಲ್ಲಿ ಇಂಥ ವಿನಿಮಯ ವರ್ಷವರ್ಷವೂ ನಡೆಯುತ್ತದೆ. ನಡೆಯಲಿ, ಆ ಮಕ್ಕಳೂ ನಮ್ಮವರೇ. ಆದರೆ ಒಣಗಿದ ಬೋರ್, ಫ್ಲೋರೈಡ್ ಹಲ್ಲು, ಕೆರೆಯ ನೊರೆ ಇವುಗಳ ಜೊತೆ ದಿನಾ ಬದುಕುವ ಮಕ್ಕಳು ಇರುವುದು ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ. ಜಗತ್ತಿನ ಬೇರೆ ಮಕ್ಕಳು ಕೇಳಬೇಕಾದ ಮಾತು ಇವರ ಹತ್ತಿರವೂ ಇದೆ. ಇಂಗ್ಲಿಷ್ ಬರುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ಅದು ಅಲ್ಲೇ ಉಳಿಯುತ್ತಿದೆ.

ಈ ದಾರಿ ಹೊಸದೂ ಅಲ್ಲ. ಸೆಲೆಸ್ತಾಂ ಫ್ರೆನೆ ಅಂತ ಫ್ರಾನ್ಸಿನ ಒಬ್ಬ ಹಳ್ಳಿ ಮೇಷ್ಟ್ರು ಇದ್ದರು. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಪೆಟ್ಟಾಗಿ ತರಗತಿಯಲ್ಲಿ ಜಾಸ್ತಿ ಹೊತ್ತು ಮಾತಾಡಲು ಆಗುತ್ತಿರಲಿಲ್ಲ. 1920ರ ದಶಕದಲ್ಲಿ ಅವರು ತರಗತಿಗೆ ಒಂದು ಪುಟ್ಟ ಮುದ್ರಣ ಯಂತ್ರ ತಂದರು. ಮಕ್ಕಳು ತಮ್ಮ ಊರಿನ ಬಗ್ಗೆ ಬರೆದದ್ದನ್ನು ಅಚ್ಚು ಹಾಕಿ, ದೇಶದ ಇನ್ನೊಂದು ಮೂಲೆಯ ಕಡಲ ತೀರದ ಶಾಲೆಗೆ ಕಳಿಸಿದರು. ಅಲ್ಲಿಂದ ಉತ್ತರ ತರಿಸಿಕೊಂಡರು. ಯುನೆಸ್ಕೋದ ಸಹಯೋಗಿ ಶಾಲೆಗಳ ಜಾಲ 1953ರಿಂದ ಇದೆ. 1988ರಲ್ಲಿ, ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಶೀತಲ ಸಮರದಲ್ಲಿದ್ದಾಗಲೇ, ನ್ಯೂಯಾರ್ಕ್ ಮತ್ತು ಮಾಸ್ಕೋದ ಶಾಲೆಗಳು ಕಂಪ್ಯೂಟರ್ ಮೂಲಕ ಬರೆದುಕೊಳ್ಳಲು ಶುರು ಮಾಡಿದವು. ಅದೇ ಮುಂದೆ ಐ-ಅರ್ನ್ ಅನ್ನುವ ಜಾಲವಾಗಿ ನೂರಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿದೆ. ಆ ಕಾಲದಲ್ಲಿ ಅಷ್ಟು ಸಾಧ್ಯವಾಗಿದ್ದರೆ, ಈಗ ಕೋಲಾರಕ್ಕೂ ನೈವಾಶಾಕ್ಕೂ ಯಾಕಾಗಬಾರದು?

ನಾನು ಕೇಳುವುದು ದೊಡ್ಡ ಯೋಜನೆಯಲ್ಲ. ಬರಹದಲ್ಲಿ ಒಂದು ಅನುಮತಿ ಕೊಡಿ. ತಾಲ್ಲೂಕಿಗೆ ಒಂದೇ ಶಾಲೆಯಿಂದ, ಆಸಕ್ತಿ ಇರುವ ಒಬ್ಬರೇ ಶಿಕ್ಷಕರಿಂದ ಶುರುವಾಗಲಿ. ದಯವಿಟ್ಟು ಇದನ್ನು ಎಲ್ಲ ಶಾಲೆಗೂ ಕಡ್ಡಾಯ ಮಾಡುವ ಸುತ್ತೋಲೆ ಹೊರಡಿಸಬೇಡಿ. ಕಡ್ಡಾಯವಾದರೆ ಮತ್ತೆ ಪೀಠಿಕೆ, ವಿವರಣೆ, ಉಪಸಂಹಾರವೇ ಬರುತ್ತದೆ, ಜೊತೆಗೆ ಅಪ್‌ಲೋಡ್ ಮಾಡಲು ಎರಡು ಫೋಟೋ. ಸ್ಪರ್ಧೆ, ಬಹುಮಾನ ಕೂಡ ಬೇಡ. ಗೆಳತಿಗೆ ಬರೆದ ಕಾಗದಕ್ಕೆ ಮೂರನೇ ಬಹುಮಾನ ಕೊಡಲಾಗುತ್ತದೆಯೇ? ಮಕ್ಕಳ ಈ ಬರಹವನ್ನು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯಾಗಿ ಒಪ್ಪಿಕೊಳ್ಳಿ. ಆಗ ಶಿಕ್ಷಕರಿಗೆ ಇದು ಹೆಚ್ಚುವರಿ ಹೊರೆ ಆಗುವುದಿಲ್ಲ.

ಅನುವಾದಕ್ಕೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯವರ (ಡಯಟ್) ನೆರವು ಕೊಡಿಸಿ. ಅಲ್ಲಿ ಶಿಕ್ಷಕರಾಗಲು ಕಲಿಯುತ್ತಿರುವ ಯುವಕ ಯುವತಿಯರಿದ್ದಾರೆ. ಒಂದು ಮಗುವಿನ ಕನ್ನಡವನ್ನು ಕೆಡಿಸದೆ ಇಂಗ್ಲಿಷಿಗೆ ತರುವುದು ಅವರಿಗೂ ಒಳ್ಳೆಯ ಪಾಠ. ಮೂಲ ಕನ್ನಡ ಕಾಗದವೂ ಜೊತೆಯಲ್ಲೇ ಹೋಗಲಿ. ನೈವಾಶಾದ ಮಕ್ಕಳು ನಮ್ಮ ಅಕ್ಷರದ ದುಂಡಗಿನ ಆಕಾರ ನೋಡಿ ಖುಷಿಪಟ್ಟು, ತಮ್ಮ ಹೆಸರು ಕನ್ನಡದಲ್ಲಿ ಬರೆದು ಕಳಿಸಿ ಅಂತ ಕೇಳಿದ್ದರು.

ಮಕ್ಕಳ ಸುರಕ್ಷತೆ ಬಗ್ಗೆ ನಿಮಗೆ ಚಿಂತೆ ಇರುತ್ತದೆ, ಇರಲೇಬೇಕು. ನಾವು ಮಾಡಿದ್ದು ಹೀಗೆ: ಕಾಗದದಲ್ಲಿ ಮೊದಲ ಹೆಸರು ಮಾತ್ರ. ಮನೆ ವಿಳಾಸ, ಫೋನ್ ನಂಬರ್, ಫೋಟೋ ಇಲ್ಲ. ಹೋಗುವುದೂ ಬರುವುದೂ ಎರಡು ಶಾಲೆಗಳ ಶಿಕ್ಷಕರ ಕೈಯಿಂದಲೇ. ಪೋಷಕರ ಸಹಿ ಮೊದಲೇ ತೆಗೆದುಕೊಂಡಿದ್ದೆವು. ಖರ್ಚು ಅಂಚೆಯದ್ದಷ್ಟೇ, ಅವಸರದ್ದು ವಾಟ್ಸಾಪ್‌ನಲ್ಲಿ. ಅವರ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ನಮ್ಮ ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಅವರಿಗೆ ಬೆಳಗಿನ ತರಗತಿ. ಎರಡು ಸಲ ವಿಡಿಯೋ ಕರೆಯಲ್ಲಿ ಮಾತಾಡಿಸಿದೆವು, ಆದರೆ ಮಕ್ಕಳು ನಾಚಿ ಕೈ ಬೀಸಿದ್ದೇ ಹೆಚ್ಚು. ಬರೆದಾಗ ಮಾತ್ರ ಅವರು ಬಾಯಿಬಿಟ್ಟರು.

ಬೀರುವಿನಲ್ಲಿರುವ ಹನ್ನೊಂದರಲ್ಲಿ ಒಂದು, ಕಂದು ಪೆನ್ಸಿಲ್ಲಿನಲ್ಲಿ ಹಲ್ಲು ಬರೆದ ಹುಡುಗಿಯದು. ಅವರ ಶಾಲೆಗೆ ಹೊಸದಾಗಿ ಮೂಳೆ ಇದ್ದಿಲಿನ ಫಿಲ್ಟರ್ ಬಂದಿದೆಯಂತೆ. ಸುಟ್ಟ ಮೂಳೆಯ ಇದ್ದಿಲು ನೀರಿನ ಫ್ಲೋರೈಡ್ ಹೀರಿಕೊಳ್ಳುತ್ತದೆ. ಒಂದನೇ ತರಗತಿಯ ಚಿಕ್ಕ ಮಕ್ಕಳು ಈಗ ಆ ನೀರನ್ನೇ ಕುಡಿಯುತ್ತಾರೆ ಅಂತ ಬರೆದಿದ್ದಾಳೆ. ನಿಮ್ಮ ಶಾಲೆಯಲ್ಲಿ ಚಿಕ್ಕವರು ಯಾವ ನೀರು ಕುಡಿಯುತ್ತಾರೆ ಅಂತ ಕೇಳಿದ್ದಾಳೆ.

ನಮ್ಮ ಶಾಲೆಯಲ್ಲಿದ್ದ ಅವಳ ಗೆಳತಿ ಈಗ ಹತ್ತನೇ ತರಗತಿ ಮುಗಿಸಿ ಹೋಗಿದ್ದಾಳೆ. ಅವಳ ತಂಗಿ ಅದೇ ಶಾಲೆಯ ಎಂಟನೇ ತರಗತಿಯಲ್ಲಿದ್ದಾಳೆ. ಉತ್ತರ ತಾನೇ ಬರೆಯುತ್ತೇನೆ ಅಂತ ಹೇಳಿದ್ದಾಳೆ. ಬರುವ ಜನವರಿಯಲ್ಲಿ ಅಲ್ಲಿ ಶಾಲೆ ಮತ್ತೆ ಶುರುವಾಗುತ್ತದೆ. ಅಷ್ಟರೊಳಗೆ ನಿಮ್ಮ ಅನುಮತಿ ಬಂದರೆ, ಕವರ್ ತೆಗೆದುಕೊಂಡು ಹೋಗಿ ಶಾಲೆಗೆ ನಾನೇ ಕೊಟ್ಟು ಬರುತ್ತೇನೆ.

ಇಂತಿ,
ಒಬ್ಬ ನಿವೃತ್ತ ಕನ್ನಡ ಶಿಕ್ಷಕಿ
ಕೋಲಾರ ಜಿಲ್ಲೆ